ಒಗ್ಗಟ್ಟಿನ ಉಪದೇಶ ಮತ್ತು ಬಿ. ಕೃಷ್ಣಪ್ಪ

ಜೂನ್ 9 ಬಂತೆಂದರೆ ಪ್ರೊ. ಬಿ. ಕೃಷ್ಣಪ್ಪನವರ ಜಯಂತಿ ಭಾಷಣಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಅವರಿದ್ದಾಗ ದಲಿತ ಸಂಘರ್ಷ ಸಮಿತಿ ಒಂದಾಗಿತ್ತು, ಅವರು ಹೋದ ಮೇಲೆ ಬಣಬಣವಾಯಿತು, ಬಣಗಳಾದ ಮೇಲೆ ಸತ್ತೇಹೋಯಿತು. ಕೇಳಲು ಚೆನ್ನಾಗಿದೆ. ರಾಯಚೂರಿನ ಕಡೆಯಿಂದ ನೋಡಿದರೆ ಇದು ನಿಲ್ಲುವ ಮಾತಲ್ಲ.

ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದುಕೊಂಡೇ ಸಮಿತಿ ಕಟ್ಟಿದ ಕೃಷ್ಣಪ್ಪ 1997ರ ಏಪ್ರಿಲ್ 30ರಂದು ಗದಗದಲ್ಲಿ ತೀರಿಕೊಂಡರು. ಯಾವ ಪಕ್ಷದ ಜೊತೆ ಹೋಗಬೇಕೆಂಬ ಜಗಳದಲ್ಲಿ ಸಮಿತಿ ಅಷ್ಟರೊಳಗೇ ಒಡೆದಿತ್ತು. ಅವರ ಕಣ್ಣೆದುರೇ ಆದದ್ದನ್ನು ಅವರ ಗೈರುಹಾಜರಿಯ ಲೆಕ್ಕಕ್ಕೆ ಬರೆಯುವುದು ಸುಳ್ಳು ಶ್ರದ್ಧಾಂಜಲಿ.

ಇನ್ನು, ಬಣಗಳೇಕೆ ಹುಟ್ಟುತ್ತವೆ? ನಾಯಕರ ದುರಾಸೆಯಿಂದ ಎನ್ನುವುದು ಸುಲಭದ ಉತ್ತರ. ಕ್ಷೇತ್ರಗಳ ಲೆಕ್ಕ ಬೇರೆಯೇ ಹೇಳುತ್ತದೆ. ರಾಯಚೂರು ಜಿಲ್ಲೆಯ 7 ವಿಧಾನಸಭಾ ಕ್ಷೇತ್ರಗಳಲ್ಲಿ 5 ಮೀಸಲು. ಅವುಗಳಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ ಈ ನಾಲ್ಕೂ ಪರಿಶಿಷ್ಟ ಪಂಗಡದವು. ರಾಯಚೂರು ಲೋಕಸಭಾ ಕ್ಷೇತ್ರವೂ ಪಂಗಡಕ್ಕೇ ಮೀಸಲು. ಪರಿಶಿಷ್ಟ ಜಾತಿಗೆ ಉಳಿದದ್ದು ಲಿಂಗಸುಗೂರು ಒಂದೇ. ಪರಿಶಿಷ್ಟ ಪಂಗಡದ ನಾಯಕ ಸಮುದಾಯದ ನ್ಯಾಯವಾದ ಪಾಲಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ದೇವದುರ್ಗದ ಮಾದಿಗ ಹುಡುಗನೋ ಮಾನ್ವಿಯ ಹೊಲೆಯರ ಹುಡುಗಿಯೋ ತನ್ನ ತಾಲ್ಲೂಕಿನಲ್ಲಿ ಎಂಎಲ್‌ಎ ಚುನಾವಣೆಗೆ ನಿಲ್ಲುವಂತೆಯೇ ಇಲ್ಲ. ಅವರಿಗೆ ಮುಂದಾಳಾಗಲು ಇರುವ ದೊಡ್ಡ ವೇದಿಕೆಯೆಂದರೆ ಸಂಘಟನೆ. ಇರುವುದೊಂದೇ ಬಾಗಿಲಾದರೆ ಅಲ್ಲಿ ನೂಕುನುಗ್ಗಲು ಸಹಜ. ಅದನ್ನು ಹೊರಗೆ ನಿಂತು ಅಣಕಿಸುವವರಿಗೆ ಬಾಗಿಲುಗಳು ಬೇಕಾದಷ್ಟಿವೆ.

ಲೆಟರ್‌ಹೆಡ್ಡಿನಲ್ಲಷ್ಟೇ ಬದುಕಿರುವ ಬಣಗಳಿಲ್ಲವೆ? ಇವೆ. ದೌರ್ಜನ್ಯದ ಕೇಸಿನಲ್ಲಿ ರಾಜಿ ಮಾಡಿಸಿ ದುಡ್ಡು ಹೊಡೆಯುವವರೂ ಇದ್ದಾರೆ. ಅವರನ್ನು ಕೇರಿಯ ಜನ ನಮಗಿಂತ ಚೆನ್ನಾಗಿ ಬಲ್ಲರು. ಆದರೂ ಹೊಡೆತ ತಿಂದವರು ಠಾಣೆಗೆ ಹೋಗುವ ಮುನ್ನ ಮೊದಲು ಫೋನ್ ಮಾಡುವುದು ಯಾವುದೋ ಒಂದು ಬಣದ ತಾಲ್ಲೂಕು ಸಂಚಾಲಕನಿಗೆ. ಅವನು ಬಂದು ದೂರು ಬರೆಯುತ್ತಾನೆ. ಬರಿಯ ಹೊಡೆದಾಟದ ಕೇಸು ಮಾಡಿ ಸಾಗಹಾಕದೆ 1989ರ ದೌರ್ಜನ್ಯ ತಡೆ ಕಾಯ್ದೆಯ ಕಲಮು ಹಾಕುವವರೆಗೆ ಠಾಣೆಯ ಬೆಂಚು ಬಿಟ್ಟು ಏಳುವುದಿಲ್ಲ. ಆಮೇಲೆ ಜಾತಿ ಪ್ರಮಾಣಪತ್ರಕ್ಕೆ ತಹಶೀಲ್ದಾರ್ ಕಚೇರಿ, ಗಾಯದ ಸರ್ಟಿಫಿಕೇಟಿಗೆ ಸರ್ಕಾರಿ ಆಸ್ಪತ್ರೆ, ಪರಿಹಾರಕ್ಕೆ ಸಮಾಜ ಕಲ್ಯಾಣ ಇಲಾಖೆ. ಸತ್ತ ಸಂಘಟನೆ ಇಷ್ಟು ತಿರುಗುವುದಿಲ್ಲ.

ಬಣಗಳು ಕೂಡುವುದೇ ಇಲ್ಲವೆ? 2022ರ ಗಣರಾಜ್ಯೋತ್ಸವದಂದು ರಾಯಚೂರಿನ ನ್ಯಾಯಾಲಯದ ಸಮಾರಂಭದಲ್ಲಿ ಅಂಬೇಡ್ಕರ್ ಭಾವಚಿತ್ರ ತೆಗೆಸಿದರೆಂಬ ಆರೋಪ ಜಿಲ್ಲಾ ನ್ಯಾಯಾಧೀಶರ ಮೇಲೆ ಬಂತು. ಅವರು ಅಲ್ಲಗಳೆದರು. ರಾಯಚೂರಿನಲ್ಲಿ ಹತ್ತಿದ ಕಿಡಿ ಫೆಬ್ರವರಿ 19ರಂದು ಬೆಂಗಳೂರಿನ ರಸ್ತೆಗಳನ್ನು ನೀಲಿ ಬಾವುಟಗಳಿಂದ ತುಂಬಿಸಿತು. ಅದೇ ವರ್ಷ ಡಿಸೆಂಬರ್ 6ರಂದು ಬೇರೆ ಬೇರೆ ಬಣಗಳು ಬೆಂಗಳೂರಿನ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಒಂದೇ ವೇದಿಕೆ ಹತ್ತಿದವು. ಬೇಕಾದಾಗ ಕೂಡಿದರು, ಕೂಡಲು ಯಾರ ಉಪದೇಶವೂ ಬೇಕಾಗಲಿಲ್ಲ.

ಒಗ್ಗಟ್ಟಿನ ಮಾತು ಹೆಚ್ಚು ಕಾಡಿದ್ದು ಪರಿಶಿಷ್ಟ ಜಾತಿಗಳೊಳಗೆ ಪ್ರತ್ಯೇಕ ಪಾಲು, ಅಂದರೆ ಒಳಮೀಸಲಾತಿ, ಕೇಳಿದವರನ್ನು. ಗಡಿಯಾಚೆ ಆಂಧ್ರದಲ್ಲಿ 1994ರಲ್ಲಿ ಎದ್ದ ಮಾದಿಗರ ದಂಡೋರ ಚಳವಳಿಯ ಸದ್ದು ರಾಯಚೂರಿಗೆ ಕೇಳಿಸದೆ ಇರುತ್ತದೆಯೆ? ಪಾಲು ಕೇಳಿದವರನ್ನು ಒಡಕು ತರುವವರು ಎಂದರು. ಒಳಮೀಸಲಾತಿ ಕುರಿತು ಸದಾಶಿವ ಆಯೋಗ 2012ರಲ್ಲಿ ಕೊಟ್ಟ ವರದಿ ವರ್ಷಗಟ್ಟಲೆ ಕಪಾಟಿನಲ್ಲೇ ಇತ್ತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ತೆರೆಯಿತು. ಮರುವರ್ಷದ ಆಗಸ್ಟಿನಲ್ಲಿ ರಾಜ್ಯ ಸಂಪುಟ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಮೂರು ಗುಂಪುಗಳಿಗೆ ಶೇಕಡಾ 6, 6, 5ರಂತೆ ಹಂಚಲು ಒಪ್ಪಿತು. ಒಡಕೆಂದು ಜರೆಸಿಕೊಂಡದ್ದೇ ಕೊನೆಗೆ ಸರ್ಕಾರದ ತೀರ್ಮಾನವಾಯಿತು. ಕೃಷ್ಣಪ್ಪನವರೂ ಮಾದಿಗ ಸಮುದಾಯದಿಂದಲೇ ಬಂದವರು ಎಂಬುದನ್ನು ಹಾರ ಹಾಕುವವರಲ್ಲಿ ಎಷ್ಟೋ ಮಂದಿ ಬಾಯಿಬಿಟ್ಟು ಹೇಳುವುದಿಲ್ಲ.

ಬರುವ ಜೂನ್ 9ರಂದು ದೇವದುರ್ಗದಲ್ಲೋ ಮಾನ್ವಿಯಲ್ಲೋ ಮೈಕು ಹಿಡಿಯುವ ಅತಿಥಿಗಳಲ್ಲಿ ಒಂದು ವಿನಂತಿ: ಒಗ್ಗಟ್ಟಿನ ಭಾಷಣ ಬಿಡಿ, ಆ ತಾಲ್ಲೂಕಿನಲ್ಲಿ ಇನ್ನೂ ತೀರ್ಪಾಗದ ದೌರ್ಜನ್ಯ ಪ್ರಕರಣಗಳ ಪಟ್ಟಿ ತಂದು ಓದಿ.