ಉಪಮೊತ್ತದ ಸಾಲಿಗೊಂದು ಗುರುತು ಬೇಡವೇ?

ಪಿವಟ್ ಟೇಬಲ್ ಬಲ್ಲವರಿಗೆ ಕಚೇರಿಯಲ್ಲಿ ಸಿಗುವ ಮರ್ಯಾದೆಯೇ ಬೇರೆ. ಲಕ್ಷ ಸಾಲಿನ ಹಾಳೆಯಿಂದ ಜಿಲ್ಲಾವಾರು, ತಾಲ್ಲೂಕುವಾರು ಲೆಕ್ಕ ತೆಗೆದು, ಪ್ರತಿ ಗುಂಪಿನ ಸಬ್‌ಟೋಟಲ್ ಸಮೇತ ಸಭೆಗೆ ಮುಂಚೆ ಪ್ರಿಂಟ್ ಕೊಡುವವರನ್ನು ಸಾಹೇಬರು ಹೆಸರು ಹಿಡಿದು ಕರೆಯುತ್ತಾರೆ. 1991ರಲ್ಲಿ ನೆಕ್ಸ್ಟ್ ಕಂಪ್ಯೂಟರಿಗಾಗಿ ಬಂದ ಲೋಟಸ್ ಇಂಪ್ರೂವ್‌ನಲ್ಲಿ ಈ ಕಲ್ಪನೆ ಕಣ್ಣುಬಿಟ್ಟಿತು. 1993ರ ಎಕ್ಸೆಲ್ 5 ಅದನ್ನು ಎಲ್ಲರ ಮೇಜಿಗೂ ತಂದಿತು. ಅಲ್ಲಿಂದೀಚೆಗೆ ಅದರ ಬಗ್ಗೆ ಬಂದಿರುವುದು ಬಹುಪಾಲು ಹೊಗಳಿಕೆಯೇ. ಗುಂಪು ಮಾಡುವ ವೇಗಕ್ಕೆ ಆ ಹೊಗಳಿಕೆ ಸಲ್ಲುತ್ತದೆ, ತಕರಾರಿಲ್ಲ. ಉಪಮೊತ್ತದ ವಿಷಯದಲ್ಲಿ ಮಾತ್ರ ಅದು ಅರ್ಹತೆ ಮೀರಿದ್ದು.

ಒಂದು ಸಣ್ಣ ಅಂಗಡಿ ಲೆಕ್ಕ ಸಾಕು. ಅಕ್ಕಿ ಕೆಜಿಗೆ 50 ರೂಪಾಯಿಯಂತೆ 10 ಕೆಜಿ, ತೊಗರಿಬೇಳೆ ಕೆಜಿಗೆ 150ರಂತೆ 4 ಕೆಜಿ ಮಾರಾಟವಾಗಿದೆ ಎನ್ನಿ. ಪಿವಟ್ ಒಳಗೆ ಒಂದು ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಮಾಡಿ ದರವನ್ನು ತೂಕದಿಂದ ಗುಣಿಸಲು ಹೇಳಿದರೆ ಅಕ್ಕಿಯ ಸಾಲಿನಲ್ಲಿ 500, ಬೇಳೆಯ ಸಾಲಿನಲ್ಲಿ 600 ಬರುತ್ತದೆ. ಕೆಳಗಿನ ಮೊತ್ತ 1,100 ಇರಬೇಕಷ್ಟೆ? ಎಕ್ಸೆಲ್ ತೋರಿಸುವುದು 2,800. ಅದು ದರಗಳನ್ನೆಲ್ಲ ಮೊದಲು ಕೂಡಿ 200 ಮಾಡಿಕೊಳ್ಳುತ್ತದೆ, ತೂಕಗಳನ್ನೆಲ್ಲ ಕೂಡಿ 14 ಮಾಡಿಕೊಳ್ಳುತ್ತದೆ, ಆಮೇಲೆ ಗುಣಿಸುತ್ತದೆ. ಗುಣಾಕಾರದ ಬದಲು ಭಾಗಾಕಾರವಿದ್ದರೆ, ಉದಾಹರಣೆಗೆ ಪಾಸಾದವರನ್ನು ಪರೀಕ್ಷೆ ಬರೆದವರಿಂದ ಭಾಗಿಸುವುದಿದ್ದರೆ, ಇದೇ ಕ್ರಮ ಸರಿಯಾದ ಉತ್ತರ ಕೊಡುತ್ತದೆ. ಒಂದೇ ನಿಯಮ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಎರಡೂ ಕಡೆ ಅದೇ ದಪ್ಪಕ್ಷರ, ಅದೇ ಗತ್ತು, ಎಚ್ಚರಿಕೆಯ ಒಂದು ಮಾತೂ ಇಲ್ಲ.

ಇದಕ್ಕಿಂತ ಸದ್ದಿಲ್ಲದ ತೊಂದರೆ ವಿನ್ಯಾಸದಲ್ಲಿದೆ. ಎಕ್ಸೆಲ್ 2007ರಿಂದ ಪಿವಟ್ ತಾನಾಗಿಯೇ ಹಿಡಿಯುವ ಕಾಂಪ್ಯಾಕ್ಟ್ ರೂಪದಲ್ಲಿ ರಾಜ್ಯ, ಜಿಲ್ಲೆ ಎಲ್ಲವೂ ಒಂದೇ ಕಾಲಮಿಗೆ ಬರುತ್ತವೆ, ಮಟ್ಟದ ವ್ಯತ್ಯಾಸ ತಿಳಿಯುವುದು ಎಡಗಡೆ ಬಿಟ್ಟ ಜಾಗದಿಂದ. ಆ ಜಾಗ ಬರೀ ಫಾರ್ಮ್ಯಾಟ್. ಕೋಷ್ಟಕವನ್ನು ಬೇರೆ ಹಾಳೆಗೆ ಮೌಲ್ಯಗಳಾಗಿ ಅಂಟಿಸಿದೊಡನೆ ಅದು ಹೋಗುತ್ತದೆ. 2011ರ ಜನಗಣತಿಯಲ್ಲಿ ಚಂಡೀಗಢ ಎಂಬುದು ಕೇಂದ್ರಾಡಳಿತ ಪ್ರದೇಶವೂ ಹೌದು, ಅದರೊಳಗಿನ ಏಕೈಕ ಜಿಲ್ಲೆಯೂ ಹೌದು. ಅಂಟಿಸಿದ ಹಾಳೆಯಲ್ಲಿ ಚಂಡೀಗಢದ ಎರಡು ಸಾಲು ಒಂದರ ಕೆಳಗೊಂದು, ಎರಡರಲ್ಲೂ 10,55,450. ಯಾವುದು ಉಪಮೊತ್ತ, ಯಾವುದು ಮೂಲ ಎಂದು ಹಾಳೆ ಹೇಳುವುದಿಲ್ಲ. ಎರಡನ್ನೂ ಕೂಡುವ ಕೈ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಎಕ್ಸೆಲ್‌ಗೇ ಇದಕ್ಕಿಂತ ಒಳ್ಳೆಯ ಬುದ್ಧಿ ಇತ್ತೆಂಬುದು ಸೋಜಿಗ. ಹಾಳೆಯಲ್ಲಿ ಬರೆಯುವ ಹಳೆಯ ಸಬ್‌ಟೋಟಲ್ ಫಂಕ್ಷನ್ ತನ್ನ ವ್ಯಾಪ್ತಿಯೊಳಗೆ ಇನ್ನೊಂದು ಸಬ್‌ಟೋಟಲ್ ಕಂಡರೆ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಎರಡು ಸಲ ಎಣಿಸುವುದಿಲ್ಲ. ಪಾಪ, ಅದನ್ನು ಯಾರೂ ಹೊಗಳುವುದಿಲ್ಲ.

ಉಪಮೊತ್ತದ ಬಗ್ಗೆ ಗಂಭೀರವಾಗಿ ಯೋಚಿಸುವವರು ಒಂದು ಕೋಷ್ಟಕದ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಆರ್ ಭಾಷೆಯ ಜೊತೆಗೇ ಬರುವ ಯುಸಿಬಿ ಅಡ್ಮಿಷನ್ಸ್ ಎಂಬ ದತ್ತಾಂಶ ಅದು. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಆರು ದೊಡ್ಡ ವಿಭಾಗಗಳಿಗೆ ಅರ್ಜಿ ಹಾಕಿದ 4,526 ಜನರ ಲೆಕ್ಕ. ಗಂಡಸರು 2,691, ಅವರಲ್ಲಿ 1,198 ಜನರಿಗೆ ಪ್ರವೇಶ ಸಿಕ್ಕಿತು. ಹೆಂಗಸರು 1,835, ಸಿಕ್ಕಿದ್ದು 557 ಜನರಿಗೆ. ಶೇಕಡಾವಾರು 44.5 ಮತ್ತು 30.4. ಸಿಂಪ್ಸನ್ ವಿರೋಧಾಭಾಸದ ಪಾಠ ಕೇಳಿದವರಿಗೆ ಮುಂದಿನ ಕಥೆ ಗೊತ್ತು: ವಿಭಾಗ ವಿಭಾಗವಾಗಿ ನೋಡಿದರೆ ಆರರಲ್ಲಿ ನಾಲ್ಕು ಕಡೆ ಹೆಂಗಸರದೇ ಮೇಲುಗೈ. ಎ ವಿಭಾಗದಲ್ಲಿ 108 ಹೆಂಗಸರಲ್ಲಿ 89 ಜನ ಒಳಗೆ ಹೋದರು, 825 ಗಂಡಸರಲ್ಲಿ 512 ಜನ. ಎಫ್ ವಿಭಾಗದಲ್ಲಿ 341 ಹೆಂಗಸರು ಅರ್ಜಿ ಹಾಕಿದರೆ ದಕ್ಕಿದ್ದು 24 ಸೀಟು. ಹೆಚ್ಚು ಹೆಂಗಸರು ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ.

ಪಾಠ ಅಲ್ಲಿಗೇ ನಿಲ್ಲುತ್ತದೆ. ಕೋಷ್ಟಕದ ಕೊನೆಯ ಸಾಲು ಕೇಳುವುದು ಬೇರೆಯೇ ಪ್ರಶ್ನೆಯನ್ನು. ವಿಭಾಗವಾರು ಶೇಕಡಾ ಪ್ರಮಾಣಗಳ ಹನ್ನೆರಡು ಕೋಶಗಳಷ್ಟೇ ಕೈಯಲ್ಲಿವೆ ಎಂದುಕೊಳ್ಳಿ. ಆರ್‌ನ ಆ್ಯಡ್‌ಮಾರ್ಜಿನ್ಸ್ ಫಂಕ್ಷನ್‌ಗೆ ಸರಾಸರಿ ಸೇರಿಸು ಎಂದರೆ ಅದು ಆ ಕೋಶಗಳನ್ನೇ ಸರಾಸರಿ ಮಾಡುತ್ತದೆ. ಹೆಂಗಸರಿಗೆ 41.7, ಗಂಡಸರಿಗೆ 38.1. ಅರ್ಜಿದಾರರನ್ನೆಲ್ಲ ಒಟ್ಟಿಗೆ ಎಣಿಸಿದಾಗ ಹದಿನಾಲ್ಕು ಅಂಶ ಹಿಂದಿದ್ದ ಹೆಂಗಸರು ಈಗ ಮೂರೂವರೆ ಅಂಶ ಮುಂದೆ! ಎರಡೂ ಸಂಖ್ಯೆಗಳಿಗೆ ಅರ್ಥವಿದೆ. ಒಂದು, ಅರ್ಜಿ ಹಾಕಿದವರಿಗೆಲ್ಲ ಸಮಾನ ತೂಕ ಕೊಟ್ಟದ್ದು. ಇನ್ನೊಂದು, 25 ಹೆಂಗಸರು ಅರ್ಜಿ ಹಾಕಿದ ಬಿ ವಿಭಾಗಕ್ಕೂ 593 ಹೆಂಗಸರು ಹಾಕಿದ ಸಿ ವಿಭಾಗಕ್ಕೂ ಸಮಾನ ತೂಕ ಕೊಟ್ಟದ್ದು. ಯಾವ ತೂಕ ಎಂಬುದನ್ನು ಮನುಷ್ಯರು ಆರಿಸಬೇಕು. ತಂತ್ರಾಂಶ ಅದನ್ನು ಕೇಳದೆ ತಾನೇ ಆರಿಸಿ, ಕೆಳಗೆ ಗೆರೆ ಎಳೆದು, ಮೊತ್ತದ ಜಾಗದಲ್ಲಿ ಕೂರಿಸುತ್ತದೆ. ಆ ಸಾಲಿನ ಮೇಲೆ ಸುದ್ದಿಯೂ ಆಗಬಹುದು, ಮೊಕದ್ದಮೆಯೂ ಆಗಬಹುದು.

ಇಲ್ಲಿ ಅಚ್ಚುಕಟ್ಟು ದತ್ತಾಂಶದ ಪಂಥದವರು ಎದ್ದು ನಿಲ್ಲುತ್ತಾರೆ. ಹ್ಯಾಡ್ಲಿ ವಿಕಮ್ 2014ರಲ್ಲಿ ಪ್ರಕಟಿಸಿದ ಟೈಡಿ ಡೇಟಾ ಲೇಖನ ಅವರ ಆಧಾರ: ಒಂದು ಕೋಷ್ಟಕದಲ್ಲಿ ಒಂದೇ ಬಗೆಯ ಘಟಕ ಇರಬೇಕು. ಅದರಿಂದ ಅನುಯಾಯಿಗಳು ಎಳೆಯುವ ತೀರ್ಮಾನ, ಉಪಮೊತ್ತ ಎಂಬುದು ಬರೀ ಪ್ರದರ್ಶನದ ವಿಷಯ, ಲೆಕ್ಕವೆಲ್ಲ ಮುಗಿದ ಮೇಲೆ ಕೊನೆಗೆ ಅಂಟಿಸಿಕೊಳ್ಳಿ ಎಂಬುದು. ಲೇಖನಕ್ಕಿಂತ ಅನುಯಾಯಿಗಳದೇ ಜೋರು. ವಿಕಮ್ ಅವರೇ 2007ರಲ್ಲಿ ವಿವರಿಸಿದ, ಆರ್ ಭಾಷೆಯ ರೀಶೇಪ್ ಪ್ಯಾಕೇಜಿನಲ್ಲಿ ಮಾರ್ಜಿನ್ಸ್ ಎಂಬ ಸೌಲಭ್ಯವಿತ್ತು, ಬೇಕಾದ ಮಟ್ಟದ ಮೊತ್ತ ಕೋಷ್ಟಕದ ಜೊತೆಗೇ ಬರುತ್ತಿತ್ತು. ಅದರ ಜಾಗಕ್ಕೆ ಬಂದ ಟೈಡಿಆರ್‌ನಲ್ಲಿ ಆ ಸೌಲಭ್ಯ ಇಲ್ಲ.

ಕೊನೆಗೆ ಅಂಟಿಸಿಕೊಂಡರೆ ಏನಾಗುತ್ತದೆ? ಈ ಪಂಥದವರು ನೆಚ್ಚುವ ಜಾನಿಟರ್ ಪ್ಯಾಕೇಜಿನ ಅಡಾರ್ನ್ ಟೋಟಲ್ಸ್ ಫಂಕ್ಷನ್‌ಗೆ ಬರ್ಕ್ಲಿಯ ಶೇಕಡಾ ಕೋಷ್ಟಕ ಕೊಟ್ಟರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಅದು ಮೊದಲ ಕಾಲಂ ಬಿಟ್ಟು ಉಳಿದ ಸಂಖ್ಯೆಗಳನ್ನೆಲ್ಲ ಕೂಡಿಬಿಡುತ್ತದೆ. ಹೆಂಗಸರ ಪ್ರವೇಶ ಪ್ರಮಾಣ ಶೇಕಡಾ 250. ತಪ್ಪು ಫಂಕ್ಷನ್ನಿನದಲ್ಲ, ಉಪಮೊತ್ತವನ್ನು ಅಲಂಕಾರ ಎಂದುಕೊಂಡವರದು. ಜಿಮ್ ಗ್ರೇ ಮತ್ತು ಸಂಗಡಿಗರು 1996ರ ಡೇಟಾ ಕ್ಯೂಬ್ ಪ್ರಬಂಧದಲ್ಲೇ ಇದನ್ನು ವಿಂಗಡಿಸಿ ಇಟ್ಟಿದ್ದರು. ಮೊತ್ತ, ಎಣಿಕೆ, ಗರಿಷ್ಠ, ಕನಿಷ್ಠಗಳನ್ನು ಭಾಗಗಳಿಂದ ಕಟ್ಟಬಹುದು. ಸರಾಸರಿಗೆ ಮೊತ್ತ ಮತ್ತು ಎಣಿಕೆ ಎರಡನ್ನೂ ಕೈಯಲ್ಲಿಟ್ಟುಕೊಂಡಿರಬೇಕು. ಮಧ್ಯಾಂಕವನ್ನಂತೂ ಮೂಲ ದಾಖಲೆಗಳಿಗೆ ವಾಪಸು ಹೋಗದೆ ಪಡೆಯುವಂತಿಲ್ಲ. ಹೀಗಿರುವಾಗ ಉಪಮೊತ್ತವನ್ನು ಕೊನೆಗೆ ಹಾಕಿ ಎನ್ನುವುದು ಊಟ ಬಡಿಸಿದ ಮೇಲೆ ಅಕ್ಕಿ ತೊಳೆಯಿರಿ ಎಂದಂತೆ. ಪೈಥಾನ್ ಕಡೆಯವರೂ ಬೀಗುವಂತಿಲ್ಲ. ಪಾಂಡಾಸ್‌ನ ಪಿವಟ್ ಟೇಬಲ್‌ನಲ್ಲಿ ಮಾರ್ಜಿನ್ಸ್ ಬೇಕೆಂದರೆ ಸರಾಸರಿಯನ್ನು ಮೂಲ ದಾಖಲೆಯಿಂದಲೇ ತೆಗೆಯುತ್ತದೆ, ಅದು ಶ್ಲಾಘ್ಯ. ಆದರೆ ಸಾಲುಗಳಲ್ಲಿ ಎಷ್ಟೇ ಮಟ್ಟಗಳಿದ್ದರೂ ಕೆಳಗೆ ಬರುವುದು ಆಲ್ ಎಂಬ ಒಂದೇ ಸಾಲು. ನಡುವಿನ ಉಪಮೊತ್ತಗಳನ್ನು ಬೇರೆ ಬೇರೆ ಲೆಕ್ಕಹಾಕಿ ಹೊಲಿದು ಸೇರಿಸಬೇಕು.

ಇಷ್ಟೆಲ್ಲದರ ನಡುವೆ ಯಾರೂ ಮಾತಾಡದ ಒಬ್ಬ ಹಳೆಯ ಕೆಲಸಗಾರನಿದ್ದಾನೆ. ಸ್ಯಾಸ್ ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶದ ಪ್ರಾಕ್ ಸಮರಿ. ನೋಡಲು ಚೆಂದವಿಲ್ಲ, ಎಳೆದು ಬಿಡುವ ಆಟವಿಲ್ಲ. ಬರ್ಕ್ಲಿಯ ಅರ್ಜಿಗಳನ್ನು ವಿಭಾಗ, ಲಿಂಗ ಎಂದು ಕ್ಲಾಸ್ ಸಾಲಿನಲ್ಲಿ ಬರೆದು ಕೊಟ್ಟರೆ ಅದು ಎಲ್ಲ ಮಟ್ಟದ ಲೆಕ್ಕವನ್ನೂ ಮೂಲ ದಾಖಲೆಯಿಂದಲೇ ತೆಗೆದು 21 ಸಾಲು ಹೊರಹಾಕುತ್ತದೆ. ಪ್ರತಿ ಸಾಲಿನಲ್ಲೂ ಟೈಪ್ ಎಂಬ ಕಾಲಂ. ಸೊನ್ನೆ ಎಂದರೆ ಇಡೀ ಮೊತ್ತದ ಒಂದು ಸಾಲು. 1 ಎಂದರೆ ಲಿಂಗವಾರು ಎರಡು, 2 ಎಂದರೆ ವಿಭಾಗವಾರು ಆರು, 3 ಎಂದರೆ ಎರಡೂ ಕೂಡಿದ ಹನ್ನೆರಡು ಸಾಲು. ಆ ಅಂಕಿ ಫಾರ್ಮ್ಯಾಟ್ ಅಲ್ಲ, ದತ್ತಾಂಶವೇ. ಎಲ್ಲಿಗೆ ಅಂಟಿಸಿದರೂ ಜೊತೆಗೆ ಹೋಗುತ್ತದೆ. ಎಸ್‌ಕ್ಯೂಎಲ್‌ನ ರೋಲಪ್, ಕ್ಯೂಬ್‌ಗಳು ಮೊತ್ತದ ಸಾಲಿನಲ್ಲಿ ಗುಂಪಿನ ಹೆಸರಿರಬೇಕಾದ ಜಾಗವನ್ನು ಖಾಲಿ ಬಿಡುತ್ತವೆ. ಅದು ಮೊತ್ತವೋ, ಹೆಸರೇ ಇಲ್ಲದ ದಾಖಲೆಯೋ ತಿಳಿಯಲು ಗ್ರೂಪಿಂಗ್ ಎಂಬ ಫಂಕ್ಷನ್ನನ್ನು ಕೇಳಿ ಪಡೆಯಬೇಕು. ಸ್ಯಾಸ್ ಕೇಳದೆಯೇ ಕೊಡುತ್ತದೆ. ಆರ್‌ನ ಡೇಟಾ.ಟೇಬಲ್ ಪ್ಯಾಕೇಜಿಗೂ 2018ರಲ್ಲಿ ಗ್ರೂಪಿಂಗ್‌ಸೆಟ್ಸ್ ಬಂದಿತು, ಮಟ್ಟದ ಕಾಲಂ ಸಮೇತ. ಆದರೂ ಕೋರ್ಸುಗಳಲ್ಲಿ ಕಲಿಸುವುದು ಪಿವಟ್ಟನ್ನೇ.

ಈ ಶಿಸ್ತು ಬಲ್ಲ ಸರ್ಕಾರಿ ಕಚೇರಿ ನಮ್ಮಲ್ಲೂ ಇದೆ. 2011ರ ಜನಗಣತಿಯ ಪ್ರಾಥಮಿಕ ಸಾರಾಂಶದ ಕಡತದಲ್ಲಿ ಪ್ರತಿ ಸಾಲಿಗೂ ಎರಡು ಗುರುತು: ಅದು ದೇಶವೋ ರಾಜ್ಯವೋ ಜಿಲ್ಲೆಯೋ, ಮತ್ತು ಒಟ್ಟು, ಗ್ರಾಮೀಣ, ನಗರ ಈ ಮೂರರಲ್ಲಿ ಯಾವುದು. ಕರ್ನಾಟಕದ ಜನಸಂಖ್ಯೆ 6,10,95,297. ಅದರಲ್ಲಿ ಗ್ರಾಮೀಣ 3,74,69,335, ನಗರ 2,36,25,962. ಗುರುತು ನೋಡದೆ ರಾಜ್ಯದ ಮತ್ತು 30 ಜಿಲ್ಲೆಗಳ ಸಾಲುಗಳನ್ನೆಲ್ಲ ಕೂಡಿದವರಿಗೆ 24 ಕೋಟಿ ದಾಟಿದ ಕರ್ನಾಟಕ ಸಿಗುತ್ತದೆ, ಸರಿಯಾಗಿ ನಾಲ್ಕು ಪಟ್ಟು. ಅದೇ ಕಡತದಲ್ಲಿ ಸಾವಿರ ಗಂಡಸರಿಗೆ ಹೆಂಗಸರು ಗ್ರಾಮೀಣದಲ್ಲಿ 979, ನಗರದಲ್ಲಿ 963. ಎರಡರ ಸರಾಸರಿ 971. ರಾಜ್ಯದ ನಿಜವಾದ ಅನುಪಾತ 973, ಹಳ್ಳಿಯ ಕಡೆ ಜನ ಜಾಸ್ತಿ ಇರುವುದರಿಂದ. ಎರಡು ಅಂಶದ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ, ಯಾರೂ ಮತ್ತೆ ಲೆಕ್ಕಹಾಕಿ ನೋಡುವುದಿಲ್ಲ. ನಾಲ್ಕು ಪಟ್ಟಿನ ತಪ್ಪಾದರೂ ಸಿಕ್ಕಿಬೀಳುತ್ತದೆ.

ಸ್ಯಾಸ್‌ನಲ್ಲಿ ಕುಂದಿಲ್ಲವೇ? ಇದೆ. ಒಂದು ದಾಖಲೆಯಲ್ಲಿ ವಿಭಾಗದ ಹೆಸರು ಬಿಟ್ಟುಹೋಗಿದ್ದರೆ, ಮಿಸಿಂಗ್ ಎಂದು ಪ್ರತ್ಯೇಕವಾಗಿ ಹೇಳದ ಹೊರತು ಆ ಅರ್ಜಿದಾರರು ಲಿಂಗವಾರು ಮೊತ್ತದಿಂದಲೂ ಇಡೀ ಮೊತ್ತದಿಂದಲೂ ಮಾಯ. ಪರವಾನಗಿಯ ಬೆಲೆಯೂ ಸಣ್ಣ ಕಚೇರಿಗೆ ಎಟುಕುವಂಥದ್ದಲ್ಲ. ಆದರೆ ಈ ಕುಂದುಗಳನ್ನು ಒಂದು ಪದ ಬರೆದೋ ಹಣ ತೆತ್ತೋ ಸರಿಪಡಿಸಬಹುದು. ಪಿವಟ್ಟಿನದು ಹುಟ್ಟುಗುಣ.

ಮೈಕ್ರೋಸಾಫ್ಟ್‌ಗೆ ಇದು ತಿಳಿಯದ್ದೇನಲ್ಲ. ಪವರ್ ಬಿಐನಲ್ಲಿ ಬಳಸುವ ಡ್ಯಾಕ್ಸ್ ಭಾಷೆಯಲ್ಲಿ ಇಸ್‌ಇನ್‌ಸ್ಕೋಪ್ ಎಂಬ ಫಂಕ್ಷನ್ ಇದೆ. ಈಗ ಲೆಕ್ಕ ನಡೆಯುತ್ತಿರುವುದು ಯಾವ ಮಟ್ಟದಲ್ಲಿ ಎಂದು ಸೂತ್ರವೇ ಕೇಳಿ ತಿಳಿದು, ಉಪಮೊತ್ತದ ಸಾಲಿಗೆ ಬೇರೆ ದಾರಿ ಹಿಡಿಯಬಹುದು. ಮಾಮೂಲಿ ಪಿವಟ್‌ನ ಕ್ಯಾಲ್ಕ್ಯುಲೇಟೆಡ್ ಫೀಲ್ಡ್‌ಗೆ ಹಾಗೆ ಕೇಳುವ ಬಾಯಿ ಇಲ್ಲ. ಅದನ್ನು ಬಳಸುವವರು ಮೂಲ ಹಾಳೆಯಲ್ಲೇ ಇನ್ನೊಂದು ಕಾಲಂ ತೆರೆದು, ಗುಣಾಕಾರವನ್ನು ಸಾಲು ಸಾಲಾಗಿ ಅಲ್ಲೇ ಮುಗಿಸಿಕೊಂಡು, ಆಮೇಲೆ ಪಿವಟ್ ಹಾಕಬೇಕು.