ಆರು ಗಂಟೆಯ ಮಾತ್ರೆ

ಅಜ್ಜಿಯ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಬೆರಳು ತೆಗೆದ ಮೇಲೂ ಅದು ಹಾಗೇ ಉಳಿಯುತ್ತಿತ್ತು. ಹೃದಯ ಸೋತಾಗ ಮೈಯಲ್ಲಿ ನಿಲ್ಲುವ ನೀರು ಅದು. ಮಲಗಿದರೆ ಉಸಿರು ಕಟ್ಟುತ್ತದೆಂದು ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಡಾಕ್ಟರು ಲಾಸಿಕ್ಸ್ ಬರೆದುಕೊಟ್ಟರು, ಪುಟ್ಟ ಬಿಳಿ ಮಾತ್ರೆ. ಕೆಲವೇ ದಿನಕ್ಕೆ ಅವರ ಕಾಲಿನ ಹರಡು ಮತ್ತೆ ಕಾಣಿಸಿತು.

ಅದರೊಳಗಿನ ಫ್ಯುರೋಸೆಮೈಡ್ ಮಾಡುವ ಕೆಲಸ ನನಗೆ ಇಂದಿಗೂ ಬೆರಗು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಬಿಡುತ್ತವೆ. ಸೋಸಿದ ಉಪ್ಪಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ರಕ್ತಕ್ಕೆ ಮರಳುವುದು ಮೂತ್ರಪಿಂಡದೊಳಗಿನ ಹೆನ್ಲೆ ಕುಣಿಕೆ ಎಂಬ ನಾಳದ ಏರುಭಾಗದಲ್ಲಿ. ಮಾತ್ರೆ ಆ ಬಾಗಿಲಿಗೇ ಅಗಳಿ ಹಾಕುತ್ತದೆ. ಉಪ್ಪು ಹೊರಟಿತೆಂದರೆ ನೀರು ಅದರ ಬೆನ್ನಿಗೇ. ಸುಮಾರು ಆರು ಗಂಟೆ ಅದರ ಕೆಲಸ. ಹೆಸರಿನ ಕೊನೆಯ ‘ಸಿಕ್ಸ್’ ಅದರದೇ ಗುರುತು. ರಾತ್ರಿ ನಿದ್ದೆ ಕೆಡದಿರಲೆಂದೇ ಬೆಳಿಗ್ಗೆ ನುಂಗುವುದು.

ಮೈಯ ನೀರು ಇಳಿಸುವ ಇನ್ನೊಂದು ಬಗೆಯ ಮಾತ್ರೆಗಳಾದ ಥಯಜೈಡ್‌ಗಳು ಇದಕ್ಕಿಂತ ಸೌಮ್ಯ, ಬಿಪಿಗೆ ಹೆಚ್ಚು ಬಳಕೆ. ಲಾಸಿಕ್ಸ್ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಕೊಂಡೊಯ್ಯುತ್ತದೆ. ಹಾಗಾಗಿ ಅದನ್ನು ಉಳಿಸುವ ಸ್ಪೈರೋನೋಲ್ಯಾಕ್ಟೋನ್ ಅನ್ನು ಎಷ್ಟೋ ಸಲ ಜೊತೆಗೂಡಿಸುತ್ತಾರೆ. ರಕ್ತಪರೀಕ್ಷೆ ತಪ್ಪಿಸಬೇಡಿ, ಊತ ಇಳಿಯಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಲೂಬೇಡಿ.