ಬೆರಳು ತೋರಿಸಿ ಉಣ್ಣುವ ಹೋಟೆಲು

ಫಿಲಿಪೀನ್ಸ್ ದೇಶದ ಯಾವ ಊರಿಗೆ ಹೋದರೂ ಬಸ್‌ಸ್ಟ್ಯಾಂಡಿನ ಹಿಂದೆ, ಕಾಲೇಜಿನ ಎದುರಿಗೆ, ಮಾರುಕಟ್ಟೆಯ ಮೂಲೆಯಲ್ಲಿ ಒಂದು ಸಣ್ಣ ಊಟದ ಹೋಟೆಲು ಇದ್ದೇ ಇರುತ್ತದೆ. ಅದಕ್ಕೆ ಕರಿಂದೇರ್ಯಾ ಎಂದು ಹೆಸರು. ಜನ ಬಳಸುವ ಇನ್ನೊಂದು ಹೆಸರು ‘ತುರೊ-ತುರೊ’. ತಗಾಲೊಗ್ ಭಾಷೆಯಲ್ಲಿ ತುರೊ ಎಂದರೆ ಬೆರಳು ಮಾಡಿ ತೋರಿಸುವುದು. ಗಾಜಿನ ಪೆಟ್ಟಿಗೆಯ ಹಿಂದೆ ಬೆಳಗ್ಗೆಯೇ ಬೇಯಿಸಿಟ್ಟ ಹತ್ತು ಹನ್ನೆರಡು ಪದಾರ್ಥಗಳ ಪಾತ್ರೆಗಳಿರುತ್ತವೆ. ಗಿರಾಕಿ ಬೆರಳು ತೋರಿಸಿದ್ದು ಬಟ್ಟಲಿಗೆ ಬೀಳುತ್ತದೆ, ಜೊತೆಗೆ ಒಂದು ತಟ್ಟೆ ಅನ್ನ. ಮೆನು ಕಾರ್ಡು ಇಲ್ಲ, ಮಾಣಿಯ ಗಿಳಿಪಾಠವೂ ಇಲ್ಲ.

ಪ್ರವಾಸಿಗಳು ಇದನ್ನು ಬಡವರ ಊಟದ ಮನೆಯೆಂದು ತಿಳಿದು ಮುಂದೆ ನಡೆಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಈ ಹೋಟೆಲಿನಲ್ಲಿ ಒಂದು ದೊಡ್ಡ ಗುಣವಿದೆ, ಒಂದು ದೊಡ್ಡ ದೋಷವೂ ಇದೆ, ಮತ್ತು ಎರಡೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಉಪ್ಪು ಹುಳಿಗಳ ವಿಷಯದಲ್ಲಿ ಕೊನೆಯ ಮಾತು ಯಾರದು, ಅಡಿಗೆಯವರದೋ ಉಣ್ಣುವವರದೋ? ಪರಊರಿನಲ್ಲಿ ಮನೆ ಮಾಡಿ, ಪರರ ಹೋಟೆಲುಗಳಲ್ಲಿ ಉಂಡು ಬೆಳೆದ ನಮ್ಮಂಥವರಿಗೆ ಈ ಪ್ರಶ್ನೆ ಸಣ್ಣದಲ್ಲ.

ನಾನು ಉಂಡದ್ದು ಲೋಸ್ ಬಾನ್ಯೋಸ್ ಎಂಬ ಊರಿನಲ್ಲಿ. ಮನಿಲಾದಿಂದ 60 ಚಿಲ್ಲರೆ ಕಿಲೋಮೀಟರು, ಮಕಿಲಿಂಗ್ ಬೆಟ್ಟದ ಬುಡ, ಒಂದು ಬದಿಗೆ ದೊಡ್ಡ ಸರೋವರ. ಅನ್ನ ಉಣ್ಣುವವರು ನೆನೆಯಬೇಕಾದ ಊರು ಇದು. 1960ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅಕ್ಕಿ ಸಂಶೋಧನಾ ಸಂಸ್ಥೆ ಇಲ್ಲಿಯೇ ಇದೆ. 1966ರಲ್ಲಿ ಬಿಡುಗಡೆಯಾಗಿ ನಮ್ಮ ಗದ್ದೆಗಳಿಗೂ ಬಂದ ‘ಐ.ಆರ್. 8’ ಭತ್ತದ ತವರು ಅದೇ. ಭಾರತದ ಎಂ. ಎಸ್. ಸ್ವಾಮಿನಾಥನ್ 1982ರಿಂದ 1988ರ ವರೆಗೆ ಅದರ ಮಹಾನಿರ್ದೇಶಕರಾಗಿದ್ದರು. ನನ್ನ ಭಾವಮೈದುನ ಆ ಸಂಸ್ಥೆಗೆ ಎರಡು ವರ್ಷದ ಕೆಲಸಕ್ಕೆಂದು ಹೋಗಿದ್ದ. ಎಲ್.ಟಿ.ಸಿ. ಸಮುದ್ರ ದಾಟುವುದಿಲ್ಲವಾದ್ದರಿಂದ ಸ್ವಂತ ಖರ್ಚಿನಲ್ಲಿ, ಕಚೇರಿಯ ಅನುಮತಿ ಪತ್ರ ಕೈಗೆ ಬಂದ ಮೇಲೆ, ನಾವು ದಂಪತಿಗಳು ಹತ್ತು ದಿನ ಅಲ್ಲಿದ್ದೆವು. ಹತ್ತರಲ್ಲಿ ಆರು ಮಧ್ಯಾಹ್ನ ಅವನ ಮನೆಯ ಬೀದಿಯ ತುರೊ-ತುರೊದಲ್ಲಿಯೇ ಊಟ. ಒಂದು ಸಲ ಉಂಡು ಬರೆದ ವಿಮರ್ಶೆಯಲ್ಲ ಇದು ಎಂದು ಹೇಳಲಿಕ್ಕೆ ಇಷ್ಟು ಪೀಠಿಕೆ.

ಆರು ಮೇಜು, ಪ್ಲಾಸ್ಟಿಕ್ ಕುರ್ಚಿ, ನೊಣ ಓಡಿಸಲು ತಿರುಗುವ ಒಂದು ಪುಟ್ಟ ಫ್ಯಾನು. ಅಡಿಗೆ ಮಾಡುವವರೂ ಹಣ ತೆಗೆದುಕೊಳ್ಳುವವರೂ ಒಬ್ಬ ಹೆಂಗಸೇ. ಎಲ್ಲರೂ ಅವರನ್ನು ‘ಆತೆ’ ಎಂದು ಕರೆಯುತ್ತಾರೆ. ನಮ್ಮ ಕಿವಿಗೆ ಅದು ಅತ್ತೆ ಎಂದು ಕೇಳಿಸುತ್ತದೆ, ಅರ್ಥ ಮಾತ್ರ ಅಕ್ಕ. ಗಂಡಸಾದರೆ ‘ಕುಯಾ’, ಅಣ್ಣ. ಉಣ್ಣುತ್ತಿರುವವನ ಪಕ್ಕದಿಂದ ಪರಿಚಯದವರು ಯಾರಾದರೂ ಹಾದು ಹೋದರೆ ಅವನು ‘ಕಾಯಿನ್ ತಾಯೊ’ ಎನ್ನಬೇಕು, ಅಂದರೆ ಬನ್ನಿ ಊಟ ಮಾಡೋಣ. ಹಾದು ಹೋಗುವವರು ನಕ್ಕು ಬೇಡವೆನ್ನಬೇಕು. ನಮ್ಮ ‘ಊಟ ಆಯ್ತಾ?’ ಎಂಬುದಕ್ಕೆ ಹತ್ತಿರದ ನೆಂಟ.

ಇನ್ನು ಊಟದ ವಿಷಯ. ಫಿಲಿಪೀನೋ ಊಟವೆಂದರೆ ಹೊರಗಿನವರು ಮೊದಲು ಹೇಳುವ ಹೆಸರು ಅಡೋಬೊ. ಕೋಳಿಯನ್ನೋ ಹಂದಿಯನ್ನೋ ವಿನಿಗರು, ಬೆಳ್ಳುಳ್ಳಿ, ಕರಿಮೆಣಸು ಹಾಕಿ ಬೇಯಿಸುವ ಕ್ರಮ. ಹೆಸರು ಸ್ಪ್ಯಾನಿಷ್ ಜನರದು, ಅಡಿಗೆ ಸ್ಥಳೀಯರದು. ಇದೇ ಸರೋವರದ ದಂಡೆಯ ಪಿಲಾ ಎಂಬ ಊರಿನಲ್ಲಿ 1613ರಲ್ಲಿ ಅಚ್ಚಾದ ತಗಾಲೊಗ್ ನಿಘಂಟಿನಲ್ಲಿಯೇ ‘ಸ್ಥಳೀಯರ ಅಡೋಬೊ’ ಎಂಬ ನಮೂದು ಇದೆ. ವಿನಿಗರಿನ ಆಮ್ಲದಿಂದಾಗಿ ಬಿಸಿ ದೇಶದಲ್ಲಿಯೂ ಬೇಗ ಹಳಸದ ಪದಾರ್ಥ. ಆದರೆ ಈ ಅಡಿಗೆಯ ಆತ್ಮ ಸಿನಿಗಾಂಗ್ ಎಂಬ ಹುಳಿ ಸಾರಿನಲ್ಲಿದೆ ಎಂದು ವಾದಿಸಿದವರು ಡೊರೀನ್ ಫರ್ನಾಂಡಿಸ್ (1934–2002). ಮನಿಲಾದಲ್ಲಿ ಕಾಲೇಜು ಅಧ್ಯಾಪಕಿಯಾಗಿದ್ದು, ತಮ್ಮ ನಾಡಿನ ಊಟದ ಬಗ್ಗೆ ಗಂಭೀರವಾಗಿ ಬರೆದು ಅದಕ್ಕೊಂದು ಸ್ಥಾನ ತಂದುಕೊಟ್ಟವರು ಅವರು. ಅವರ ‘ತಿಕಿಂ’ ಎಂಬ ಪ್ರಬಂಧ ಸಂಕಲನ 1994ರದು.

ಸಿನಿಗಾಂಗ್ ಉಂಡ ಮೇಲೆ ನಾನೂ ಅವರ ಪಕ್ಷ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಕುದಿಸಿ, ಅದಕ್ಕೆ ಈರುಳ್ಳಿ, ಟೊಮೆಟೊ, ಮೂಲಂಗಿ, ಅಲಸಂದೆ ಕಾಯಿ, ಒಂದು ಹಸಿ ಮೆಣಸಿನಕಾಯಿ, ಸೊಪ್ಪು ಮತ್ತು ಮೀನು. ಆ ಸರೋವರದಲ್ಲಿಯೇ ಸಾಕುವ ಬಾಂಗೂಸ್ ಮೀನು, ನಮ್ಮ ಕರಾವಳಿಯವರ ಹೂಮೀನು. ಹುಳಿಗೆ ಎಳೆ ಹುಣಸೆಕಾಯಿ ಬೇಯಿಸಿ ಹಿಚುಕಿದ ರಸ. ಅದಿಲ್ಲದಿದ್ದರೆ ಮಾವಿನಕಾಯಿ, ಇಲ್ಲವೇ ಪೇರಳೆ, ಇಲ್ಲವೇ ‘ಕಮಿಯಾಸ್’. ಈ ಕಮಿಯಾಸ್ ಬೇರೇನೂ ಅಲ್ಲ, ದಕ್ಷಿಣ ಕನ್ನಡದವರ ಹಿತ್ತಿಲ ಬಿಂಬುಳಿ. ಒಗ್ಗರಣೆ ಇಲ್ಲ, ಅರಿಸಿನವಿಲ್ಲ, ಕೊತ್ತಂಬರಿ ಜೀರಿಗೆ ಯಾವುದೂ ಇಲ್ಲ. ಮೊದಲ ಗುಟುಕಿಗೆ ‘ಇದೇನು, ಅರ್ಧಕ್ಕೇ ಒಲೆಯಿಂದ ಇಳಿಸಿದ ಸಾರು’ ಎಂದು ನಮ್ಮ ನಾಲಗೆ ಆಕ್ಷೇಪಿಸುತ್ತದೆ. ಅದು ಅರ್ಧವೇ ಸರಿ. ಉಳಿದರ್ಧ ಮೇಜಿನ ಮೇಲಿದೆ.

ಪ್ರತಿ ಮೇಜಿನ ಮೇಲೂ ‘ಪತೀಸ್’ ಎಂಬ ಮೀನಿನ ಉಪ್ಪುರಸ, ವಿನಿಗರು, ಸೋಯಾ ರಸ, ಗಾಂಧಾರಿಯಂಥ ಪುಟ್ಟ ಮೆಣಸು, ‘ಕಲಮನ್ಸಿ’ ಎಂಬ ಗೋಲಿ ಗಾತ್ರದ ಲಿಂಬೆ. ಇವುಗಳನ್ನು ತನಗೆ ಬೇಕಾದ ಹದದಲ್ಲಿ ಒಂದು ಪುಟ್ಟ ಬಟ್ಟಲಿನಲ್ಲಿ ಬೆರೆಸಿಕೊಂಡು ಪ್ರತಿಯೊಬ್ಬನೂ ನೆಂಚಿಕೊಳ್ಳುತ್ತಾನೆ. ಇದಕ್ಕೆ ‘ಸೌಸವನ್’ ಎನ್ನುತ್ತಾರೆ. ಒಂದೇ ಪಾತ್ರೆಯ ಸಾರು ಆರು ಮೇಜುಗಳಲ್ಲಿ ಆರು ರುಚಿಯಾಗುತ್ತದೆ. ಅಡಿಗೆಯವರಿಗೆ ಇದರಿಂದ ಅವಮಾನವೇನೂ ಇಲ್ಲ. ಕೆಲವು ದೊಡ್ಡ ಹೋಟೆಲುಗಳಲ್ಲಿ ಉಪ್ಪು ಕೇಳಿದರೆ ಅಡಿಗೆ ಭಟ್ಟರಿಗೆ ಸಿಟ್ಟು ಬರುತ್ತದೆಂದು ಕೇಳಿದ್ದೇನೆ. ಇಲ್ಲಿ ಉಪ್ಪಿನ ಬಟ್ಟಲನ್ನು ಆತೆಯೇ ಮುಂದೆ ತಳ್ಳುತ್ತಾರೆ. ನಮ್ಮ ಬಾಳೆಲೆಯ ತುದಿಗೂ ಉಪ್ಪು, ಉಪ್ಪಿನಕಾಯಿ ಮೊದಲು ಬೀಳುವುದರಲ್ಲಿ ಇದೇ ಮರ್ಯಾದೆ ಇದೆ.

ಜೇಬು ಸಣ್ಣದಿರುವವನಿಗೂ ಇದೇ ಮರ್ಯಾದೆ ಸಲ್ಲುತ್ತದೆ. ಅರ್ಧ ಬಟ್ಟಲು ಪದಾರ್ಥ ಕೇಳಬಹುದು. ಅನ್ನದ ಜೊತೆ ಒಂದು ಬಟ್ಟಲು ತಿಳಿ ಸಾರು ಹಣವಿಲ್ಲದೆ ಬರುತ್ತದೆ. ವಿದ್ಯಾರ್ಥಿಗಳು ಎರಡು ತಟ್ಟೆ ಅನ್ನ, ಒಂದು ಅರ್ಧ ಪದಾರ್ಥ, ಆ ಸಾರು, ಮೇಜಿನ ಮೇಲಿನ ಪತೀಸ್, ಇಷ್ಟರಲ್ಲಿ ಹೊಟ್ಟೆ ತುಂಬಿಸಿಕೊಂಡು ಏಳುವುದನ್ನು ನೋಡಿದೆ. ಅನ್ನದ ಮೇಲೆ ಆ ಜನರಿಗಿರುವ ಪ್ರೀತಿಗೆ ಒಂದು ನಿದರ್ಶನ ಹೇಳಬಹುದು. 2017ರಲ್ಲಿ ಸೆನೆಟರ್ ಸಿಂಥಿಯಾ ವಿಯಾರ್ ಅವರು, ಅತಿಯಾದ ಅನ್ನ ಸಕ್ಕರೆ ರೋಗಕ್ಕೆ ದಾರಿ, ಹೋಟೆಲುಗಳ ‘ಬೇಕಾದಷ್ಟು ಅನ್ನ’ದ ಪದ್ಧತಿ ನಿಲ್ಲಬೇಕು ಎಂಬರ್ಥದ ಮಾತಾಡಿದರು. ಜನರ ಸಿಟ್ಟು ಎಷ್ಟಾಯಿತೆಂದರೆ ಅಂಥ ಮಸೂದೆಯೇನೂ ತರುವುದಿಲ್ಲವೆಂದು ಅವರು ಹೇಳಬೇಕಾಯಿತು. ವೈದ್ಯಶಾಸ್ತ್ರದ ದೃಷ್ಟಿಯಿಂದ ಅವರ ಮಾತು ತಪ್ಪಲ್ಲ. ಆದರೆ ಪದಾರ್ಥ ಕೊಳ್ಳಲಾಗದವನಿಗೆ ಅನ್ನವೇ ಊಟವೆಂಬುದನ್ನು ಅದು ಮರೆತಿತ್ತು.

ಇಷ್ಟು ಹೊಗಳಿದ ಮೇಲೆ ದೋಷ. ಸೋಮವಾರ ನನ್ನ ಮನೆಯವರು ಮೀನು ಮಾಂಸ ಮುಟ್ಟುವವರಲ್ಲ. ಗಾಜಿನ ಹಿಂದೆ ‘ಪಿನಕ್‌ಬೆತ್’ ಇತ್ತು. ಹಾಗಲಕಾಯಿ, ಬೆಂಡೆ, ಬದನೆ, ಸಿಹಿಗುಂಬಳ, ಅಲಸಂದೆ, ನೋಡಿದರೆ ನಮ್ಮ ಹಬ್ಬದ ಕೂಟು. ಅವರು ಬೆರಳು ತೋರಿಸುವಷ್ಟರಲ್ಲಿ ಭಾವಮೈದುನ ತಡೆದ: “ಬೇಡ ಅಕ್ಕ, ಅದರಲ್ಲಿ ಬಗೋಂಗ್ ಇದೆ.” ಬಗೋಂಗ್ ಎಂದರೆ ಸಿಗಡಿಯನ್ನೋ ಮೀನನ್ನೋ ಉಪ್ಪಿನಲ್ಲಿ ಕೊಳೆಯಿಸಿ ಮಾಡಿದ ಗೊಜ್ಜು. ಪಕ್ಕದ ಪಾತ್ರೆಯಲ್ಲಿ ಹೆಸರುಕಾಳಿನ ಸಾರು, ಅದರಲ್ಲಿ ಹಂದಿಯ ತುಣುಕು. ತರಕಾರಿ ಎಂಬ ಹೆಸರಿನ ನಾಲ್ಕು ಪಾತ್ರೆಗಳಲ್ಲಿ ಮೂರು ಅವರಿಗೆ ಮುಚ್ಚಿದ ಬಾಗಿಲು.

ನಾಲ್ಕನೆಯದು ಊಟ ಹಾಕಿತು. ‘ಎನ್ಸಲಾದಾಂಗ್ ತಲೋಂಗ್’: ಕೆಂಡದ ಮೇಲೆ ಸುಟ್ಟು ಸಿಪ್ಪೆ ತೆಗೆದ ಬದನೆಕಾಯಿ, ಮೇಲೆ ಹಸಿ ಈರುಳ್ಳಿ, ಟೊಮೆಟೊ, ವಿನಿಗರು. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ತಂಗಿ. ಇದಕ್ಕೂ ಬಗೋಂಗ್ ಇದೆ, ಆದರೆ ಪ್ರತ್ಯೇಕ ಬಟ್ಟಲಿನಲ್ಲಿ. ಮನೆಯವರು ಆ ಬಟ್ಟಲನ್ನು ನನ್ನ ಕಡೆ ತಳ್ಳಿ, ಕಲಮನ್ಸಿ ಹಿಂಡಿಕೊಂಡು, ಪಪ್ಪಾಯಿಯ ‘ಅಚಾರಾ’ ನೆಂಚಿಕೊಂಡು ತೃಪ್ತಿಯಾಗಿ ಉಂಡರು. ಅಚಾರಾ ನಮ್ಮ ಹಿಂದೀ ಭಾಷಿಕರ ಅಚಾರ್ ಎಂಬುದನ್ನು ವಿವರಿಸಬೇಕಾಗಿಲ್ಲ.

ನನ್ನ ವಾದ ಇಲ್ಲಿದೆ. ಬಗೋಂಗ್ ಬಟ್ಟಲಿನಲ್ಲಿದ್ದಾಗ ಎಲ್ಲರಿಗೂ ಜಾಗವಿತ್ತು. ಪಾತ್ರೆಯೊಳಗೆ ಹೋದಾಗ ಒಬ್ಬರು ಹೊರಗಾದರು. ಆ ಅಡಿಗೆಯ ಸ್ವಂತ ಧರ್ಮವೇ ನೆಂಚಿಕೊಳ್ಳುವುದು. ಅದನ್ನು ಪೂರ್ತಿ ಪಾಲಿಸಿದ್ದರೆ ಹಸಿದ ಯಾರೂ ಬರಿಗೈಯಲ್ಲಿ ಹೋಗಬೇಕಾಗಿರಲಿಲ್ಲ. ಪಿನಕ್‌ಬೆತ್ತಿಗೆ ಬಗೋಂಗ್ ಬಿಟ್ಟರೆ ಪ್ರಾಣವೇ ಇಲ್ಲ ಎಂದು ಆ ದೇಶದವರು ಹೇಳಿಯಾರು. ಅವರ ಅಡಿಗೆಯನ್ನು ತಿದ್ದುವ ಅಧಿಕಾರ ನನಗಿಲ್ಲ. ಆದರೆ ಕಾಲೇಜು, ಸಂಶೋಧನಾ ಸಂಸ್ಥೆಗಳಿಂದಾಗಿ ಹತ್ತಾರು ದೇಶದವರು ಓಡಾಡುವ ಬೀದಿಯ ಹೋಟೆಲಿಗೆ ಇಷ್ಟು ಹೇಳುವುದು ನ್ಯಾಯ.

ಎರಡನೆಯ ದೋಷ ಇದಕ್ಕಿಂತ ಆಳವಾದದ್ದು. ಒಂದು ದಿನದ ಸಿನಿಗಾಂಗ್ ಬಾಯಿಗಿಟ್ಟ ಕೂಡಲೆ ಚುರುಕೆಂದು, ಮರುಕ್ಷಣ ಬರಿದಾಯಿತು. ವಿಚಾರಿಸಿದಾಗ ಆತೆ ಮುಚ್ಚುಮರೆಯಿಲ್ಲದೆ ಪ್ಯಾಕೆಟ್ ತೋರಿಸಿದರು. ಹುಣಸೆಕಾಯಿ ಬೇಯಿಸಿ ಹಿಚುಕಿ ಸೋಸಲು ಗ್ಯಾಸೂ ಬೇಕು, ಕೈಯೂ ಬೇಕು, ಇರುವುದು ತನ್ನೆರಡೇ ಕೈ ಎಂದರು. ಬಿ.ಎಸ್‌ಸಿ. ಓದಿದ್ದು ಇಂಥ ಹೊತ್ತಿಗೆ ನೆನಪಾಗುತ್ತದೆ. ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದ್ದು. ಅದರ ತಿರುಳಿನಲ್ಲಿ ನಾರು, ಸ್ವಲ್ಪ ಸಕ್ಕರೆ ಎಲ್ಲ ಇರುವುದರಿಂದ ಹುಳಿ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತದೆ. ಬಿಂಬುಳಿಯದು ಆಕ್ಸಾಲಿಕ್ ಆಮ್ಲ, ಬೇರೆಯೇ ಗುಣ. ಪ್ಯಾಕೆಟ್ಟಿನ ಪುಡಿಯಲ್ಲಿ ಪ್ರಧಾನವಾಗಿ ಸಿಟ್ರಿಕ್ ಆಮ್ಲ, ಉಪ್ಪು, ಅಜಿನೊಮೊಟೊ ಜಾತಿಯ ಲವಣ. ಹುಣಸೆ, ಮಾವು, ಪೇರಳೆ, ಬಿಂಬುಳಿ ಎಂದು ಊರಿಗೊಂದು, ಋತುವಿಗೊಂದು ಆಗಿದ್ದ ಸಾರು ಈಗ ವರ್ಷವಿಡೀ ಒಂದೇ ಸಾರು. ಇದಕ್ಕೆ ಮೇಜಿನ ಮೇಲಿನ ಯಾವ ಬಟ್ಟಲೂ ಪರಿಹಾರವಲ್ಲ. ಉಪ್ಪು ಸಾಲದಿದ್ದರೆ ಹಾಕಿಕೊಳ್ಳಬಹುದು, ಇಲ್ಲದ ಹುಣಸೆಯನ್ನು ಎಲ್ಲಿಂದ ತರುವುದು?

ಆತೆಯನ್ನು ದೂರಲು ನನಗೆ ಮನಸ್ಸಿಲ್ಲ. ನಮ್ಮ ಅಡಿಗೆಮನೆಗಳಲ್ಲಿಯೂ ಸಾರಿನ ಪುಡಿ ಪ್ಯಾಕೆಟ್ಟಿನಲ್ಲಿಯೇ ಬಂದು ಕುಳಿತಿದೆ. ಆದರೆ ಇದರಲ್ಲಿ ನಷ್ಟವಿಲ್ಲ ಎನ್ನುವ ಮಾತನ್ನು ಒಪ್ಪಲಾರೆ. ಸುಮಾರು ಒಂದು ಕೋಟಿ ಫಿಲಿಪೀನೋ ಜನ ಹೊರದೇಶಗಳಲ್ಲಿದ್ದಾರೆಂದು ಅಲ್ಲಿಯ ಸರಕಾರದ ಅಂದಾಜು. ದುಬೈ, ಹಾಂಗ್‌ಕಾಂಗ್, ಕ್ಯಾಲಿಫೋರ್ನಿಯಾಗಳಲ್ಲಿ ಹುಟ್ಟಿದ ಮಕ್ಕಳಿಗೆ ಸಿನಿಗಾಂಗ್ ಎಂದರೆ ಪ್ಯಾಕೆಟ್ಟಿನ ರುಚಿಯೇ. ರಜೆಗೆ ಊರಿಗೆ ಬಂದಾಗ ಬೀದಿಯ ಹೋಟೆಲಿನಲ್ಲಿಯೂ ಅದೇ ಸಿಕ್ಕಿದರೆ, ತಾವು ಕಳೆದುಕೊಂಡದ್ದು ಏನೆಂದು ತಿಳಿಯುವ ಅವಕಾಶವೂ ಆ ಮಕ್ಕಳಿಗೆ ತಪ್ಪುತ್ತದೆ. ಈ ಮಾತನ್ನು ಮುಂಬಯಿ, ಪುಣೆ, ದೆಹಲಿಗಳ ನಮ್ಮ ಮನೆಗಳಿಗೆ ಅನ್ವಯಿಸಿಕೊಳ್ಳುವ ಕೆಲಸವನ್ನು ವಾಚಕರಿಗೇ ಬಿಡುತ್ತೇನೆ.

ಈ ಅಡಿಗೆಗೆ ಈಗ ದೊಡ್ಡವರ ಮನ್ನಣೆಯೂ ದೊರೆತಿದೆ. ಶಿಕಾಗೋದ ‘ಕಸಾಮಾ’ ಎಂಬ ಫಿಲಿಪೀನೋ ಹೋಟೆಲಿಗೆ 2022ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. ಫಿಲಿಪೀನೋ ಹೋಟೆಲೊಂದಕ್ಕೆ ಆ ಗೌರವ ಅದೇ ಮೊದಲು. ಸಂತೋಷದ ವಿಷಯವೇ. ಆದರೆ ಅಂಥಲ್ಲಿ ತಟ್ಟೆಯ ಹದವನ್ನೆಲ್ಲ ಅಡಿಗೆಯವರೇ ನಿರ್ಧರಿಸಿ ಕಳಿಸುವುದು ವಾಡಿಕೆ. ಹುಳಿಯ ಜ್ಞಾನ ಅಲ್ಲಿ ಉಳಿದೀತು, ನೆಂಚಿಕೊಳ್ಳುವ ಸ್ವಾತಂತ್ರ್ಯ ಉಳಿಯುವುದು ಬೀದಿಯ ಹೋಟೆಲಿನಲ್ಲಿ ಮಾತ್ರ.

ನಮ್ಮ ಕಡೆಗೂ ಈ ಹೋಟೆಲಿಗೂ ಹಳೆಯ ನಂಟೊಂದು ಇರುವಂತಿದೆ. 1762ರಲ್ಲಿ ಇಂಗ್ಲಿಷರು ಮದರಾಸಿನಿಂದ ಹಡಗು ಹೊರಡಿಸಿ ಮನಿಲಾವನ್ನು ಹಿಡಿದರು, 1764ರಲ್ಲಿ ಬಿಟ್ಟು ಹೊರಟರು. ಜೊತೆಗೆ ಹೋದ ಸಿಪಾಯಿಗಳಲ್ಲಿ ಕೆಲವರು ಮರಳದೆ ಕಯಿಂತಾ ಎಂಬ ಊರಿನಲ್ಲಿ ನೆಲೆಸಿದರು. ಕರಿಂದೇರ್ಯಾ ಎಂಬ ಮಾತಿನ ‘ಕರಿ’ ನಮ್ಮ ದಕ್ಷಿಣದ ಕರಿಯೇ ಎಂದು ಅಲ್ಲಿ ಹಲವರ ಅಭಿಪ್ರಾಯ.

ಅಲ್ಲಿಗೆ ಹೋಗುವವರಿಗೆ ಕೆಲವು ಸೂಚನೆಗಳು. ಹನ್ನೊಂದೂವರೆಗೇ ಹೋಗಿರಿ, ಒಂದು ಗಂಟೆಯ ಮೇಲೆ ಪದಾರ್ಥಗಳು ಆರಿ ತಣ್ಣಗಾಗುತ್ತವೆ, ಬಿಸಿ ಮಾಡಿಕೊಡುವ ಪದ್ಧತಿ ಕಡಿಮೆ. ಕಾರೆ-ಕಾರೆ ಎಂಬ ಕಡಲೆಕಾಯಿ ಗೊಜ್ಜಿನಲ್ಲಿ ಸಾಮಾನ್ಯವಾಗಿ ಎತ್ತಿನ ಬಾಲದ ಮಾಂಸವಿರುತ್ತದೆ, ಕೇಳದೆ ಬೆರಳು ತೋರಿಸಬೇಡಿ. ಸಸ್ಯಾಹಾರಿಗಳು ‘ಬಗೋಂಗ್ ಬೇರೆ ಬಟ್ಟಲಿನಲ್ಲಿ’ ಎಂಬಷ್ಟು ತಗಾಲೊಗ್ ಕಲಿತು ಹೋಗುವುದು ಒಳ್ಳೆಯದು. ಚಮಚ, ಫೋರ್ಕು ಕೊಡುತ್ತಾರೆ. ಕೈಯಿಂದ ಉಂಡರೆ ಯಾರೂ ತಿರುಗಿ ನೋಡುವುದಿಲ್ಲ, ಅವರಲ್ಲಿಯೂ ಅದು ಹಿರಿಯರ ಕ್ರಮ. ಮತ್ತು ಸಿನಿಗಾಂಗಿಗೆ ಬೆರಳು ತೋರಿಸುವ ಮೊದಲು ‘ಸಂಪಾಲೊಕ್?’ ಎಂದು ಕೇಳಿರಿ. ಹುಣಸೆಗೆ ಅವರ ಹೆಸರು ಅದು. ಕೇಳುವವರು ಹತ್ತು ಮಂದಿಯಾದರೆ ಯಾವ ಆತೆಯೂ ಹತ್ತು ಹುಣಸೆಕಾಯಿ ಬೇಯಿಸಲು ಬೇಸರಪಡಲಾರಳು.